ಎರಡು ಮಹಡಿ, ಒಂದು ಆಮೆ, ತೊಂಬತ್ತು ನಿಮಿಷ

ಕೇಳುಗರಿಗೆ ನಮಸ್ಕಾರ.

ಮಕ್ಕಳ ಪುಸ್ತಕಗಳಲ್ಲಿ ಪ್ರೇಮಕಥೆಗಳು ವಿರಳ. ಇಳಿವಯಸ್ಸಿನವರ ಪ್ರೇಮಕಥೆ ಇನ್ನೂ ವಿರಳ. ಬ್ರಿಟಿಷ್ ಮಕ್ಕಳ ಸಾಹಿತಿ ರೋಲ್ಡ್ ಡಾಲ್ ತಾವು ತೀರಿಕೊಂಡ 1990ರಲ್ಲೇ ಪ್ರಕಟಿಸಿದ 'ಎಸಿಯೋ ಟ್ರಾಟ್' ಅಂಥದ್ದೊಂದು ಪುಟ್ಟ ಪುಸ್ತಕ. ಬಸ್ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದ ಹಾಪಿಯವರಿಗೆ ಕೆಳಗಿನ ಮನೆಯ ವಿಧವೆ ಶ್ರೀಮತಿ ಸಿಲ್ವರ್ ಮೇಲೆ ಮನಸ್ಸು, ಆದರೆ ಬಾಯಿ ಬಿಟ್ಟು ಹೇಳಲು ಸಂಕೋಚ. ಆಕೆಗೋ ತನ್ನ ಆಮೆ ಆಲ್ಫಿ ಬೆಳೆಯುತ್ತಿಲ್ಲವೆಂಬ ಕೊರಗು. ಆಮೆಯನ್ನು ಬೆಳೆಸುವ ಮಂತ್ರವೆಂದು ಹೇಳಿ ಹಾಪಿ ಅಕ್ಷರಗಳನ್ನು ಹಿಂದುಮುಂದಾಗಿ ತಿರುಗಿಸಿದ ಸಾಲುಗಳನ್ನು ಆಕೆಗೆ ಬರೆದುಕೊಡುತ್ತಾರೆ ('ಎಸಿಯೋ ಟ್ರಾಟ್' ಎಂಬುದೂ ಇಂಗ್ಲಿಷಿನಲ್ಲಿ ಆಮೆಗಿರುವ 'ಟಾರ್ಟಾಯ್ಸ್' ಪದವನ್ನು ಹಾಗೆ ತಿರುಗಿಸಿದ್ದೇ). 140 ಆಮೆಗಳನ್ನು ಕೊಂಡು ತಂದು, ಆಕೆ ಮನೆಯಲ್ಲಿಲ್ಲದ ಹೊತ್ತು ನೋಡಿ, ತಾವೇ ಮಾಡಿದ ಉದ್ದ ಕೋಲಿನ ಇಕ್ಕಳವನ್ನು ಕೆಳಗಿನ ಬಾಲ್ಕನಿಗೆ ಇಳಿಬಿಟ್ಟು, ಅಲ್ಲಿದ್ದ ಆಮೆಯನ್ನು ಮೇಲೆತ್ತಿಕೊಂಡು, ಅದಕ್ಕಿಂತ 2 ಔನ್ಸ್, ಎಂದರೆ ಸುಮಾರು 57 ಗ್ರಾಂ, ಹೆಚ್ಚು ತೂಗುವ ಇನ್ನೊಂದನ್ನು ಅಲ್ಲಿಡುತ್ತಾರೆ. ಮಂತ್ರದಿಂದಲೇ ಆಲ್ಫಿ ಬೆಳೆಯುತ್ತಿದೆಯೆಂದು ಆಕೆ ನಂಬಲೆಂದು ಹೀಗೆ ಮತ್ತೆ ಮತ್ತೆ ಮಾಡುತ್ತಾರೆ. (ಇದನ್ನು ಕೇಳುತ್ತಿರುವ ಮಕ್ಕಳು ಹೊಲದ ಬದುವಿನಲ್ಲಿ ಸಿಕ್ಕ ನಕ್ಷತ್ರ ಆಮೆಯನ್ನು ಮನೆಗೆ ತರಬಾರದು, ನಮ್ಮ ವನ್ಯಜೀವಿ ಕಾಯ್ದೆಯಂತೆ ಅದು ಅಪರಾಧ.)

ರಾಯಚೂರಿನಲ್ಲಿ ಓಣಿಯ ಮಕ್ಕಳಿಗೆ ನಾನು ಈ ಕಥೆಯನ್ನು ಓದಿ ಹೇಳಿದಾಗ ಅವರು ಕೇಳಿದ್ದು ಒಂದೇ: "ಆಕಿಗೆ ಗೊತ್ತಾಗಂಗಿಲ್ಲೇನ್ರಿ?" ಕದ್ದು ಮಾಡುವ ಕೆಲಸದ ಗುಟ್ಟಿನಲ್ಲಿ ತಾವೂ ಪಾಲುದಾರರೆಂಬ ಸಂತೋಷ ಆ ಪ್ರಶ್ನೆಯಲ್ಲಿತ್ತು. ಮುಂದೆ ಅದೇ ಮಕ್ಕಳಿಗೆ ಈ ಕಥೆಯ ಟಿವಿ ಚಿತ್ರವನ್ನು ತೋರಿಸಿದಾಗ ಬಂದ ಪ್ರಶ್ನೆಯೇ ಬೇರೆ: "ಇದು ಮೋಸ ಅಲ್ಲೇನ್ರಿ?"

ಬಿಬಿಸಿ ಈ ಕಥೆಯನ್ನು ಸುಮಾರು 90 ನಿಮಿಷದ ಚಿತ್ರವಾಗಿಸಿ 2015ರ ಜನವರಿ 1ರಂದು ಪ್ರಸಾರ ಮಾಡಿತು. ಡಸ್ಟಿನ್ ಹಾಫ್‌ಮನ್ ಮತ್ತು ಜೂಡಿ ಡೆಂಚ್ ಅವರ ಅಭಿನಯದಲ್ಲಿ ನನಗೆ ಕುಂದು ಕಾಣಲಿಲ್ಲ. ತೊಡಕು ಇರುವುದು ವೇಗದಲ್ಲಿ. ಪುಸ್ತಕದಲ್ಲಿ ಆಮೆಯ ಬದಲಾವಣೆ ನಾಲ್ಕಾರು ಸಾಲುಗಳಲ್ಲಿ ಮುಗಿದುಹೋಗುತ್ತದೆ, ಸರಿತಪ್ಪು ತೂಗಿ ನೋಡಲು ಓದುಗನಿಗೆ ಪುರಸೊತ್ತೇ ಇರುವುದಿಲ್ಲ. ನಿಜವಾದ ಮನೆ, ನಿಜವಾದ ಆಮೆ, ನಿಜವಾದ ಮುಖದ ನಡುವೆ ಅದೇ ಕೆಲಸವನ್ನು ನಿಧಾನವಾಗಿ ನೋಡುತ್ತ ಕುಳಿತಾಗ, ಪಾಪದ ಹೆಂಗಸೊಬ್ಬಳನ್ನು ನಂಬಿಸಿ ಆಕೆಯ ಸಾಕುಪ್ರಾಣಿಯನ್ನೇ ಕದ್ದದ್ದು ಕಣ್ಣಿಗೆ ಹೊಡೆಯುತ್ತದೆ. ಬಳ್ಳಾರಿ ಸೀಮೆಯ ತೊಗಲುಗೊಂಬೆಯಾಟದಲ್ಲಿ ಪರದೆಯ ಮೇಲೆ ಒಂದು ಮರ ನಿಂತರೆ ಅದೇ ಅಶೋಕವನ. ಅಲ್ಲಿ ನಿಜವಾದ ಕಾಡನ್ನು ತಂದು ನಿಲ್ಲಿಸಿದರೆ ಹನುಮಂತನ ಜಿಗಿತವನ್ನು ಯಾರೂ ನಂಬಲಾರರು.

ಚಿತ್ರಕಥೆ ಬರೆದ ರಿಚರ್ಡ್ ಕರ್ಟಿಸ್ ಮತ್ತು ಪಾಲ್ ಮೇಹ್ಯೂ-ಆರ್ಚರ್ ಅವರಿಗೂ ಈ ಕಸಿವಿಸಿ ತಟ್ಟಿರಬೇಕು. ಪುಸ್ತಕದಲ್ಲಿಲ್ಲದ ಪ್ರಿಂಗಲ್ ಎಂಬ ಗಟ್ಟಿ ಬಾಯಿಯ ನೆರೆಯವನನ್ನು ತಂದು ಹಾಪಿಗೆ ಪೈಪೋಟಿಗಾರನನ್ನಾಗಿ ಮಾಡಿದ್ದಾರೆ. ಆದರೆ ಹಾಪಿಯ ದಾರಿಗೆ ಅಡ್ಡವಾಗಿದ್ದುದು ಅವರ ನಾಚಿಕೆಯೊಂದೇ. ಅದನ್ನು ದಾಟಲೆಂದೇ ಅಷ್ಟೊಂದು ಆಮೆ, ಅಷ್ಟುದ್ದದ ಕೋಲು ಬೇಕಾದದ್ದು. ಎದುರಾಳಿ ಬಂದ ಕೂಡಲೇ ಆ ಇಡೀ ಹುಚ್ಚಾಟ ಯಾರು ಗೆಲ್ಲುವರೆಂಬ ಮಾಮೂಲಿ ಜಿದ್ದಿಗೆ ಇಳಿದುಬಿಡುತ್ತದೆ.

ಇದು ಸಾಲದೆಂಬಂತೆ ಜೇಮ್ಸ್ ಕಾರ್ಡನ್ ನಿರೂಪಕರಾಗಿ ತೆರೆಯ ಮೇಲೆಯೇ ಓಡಾಡುತ್ತ, ನಾವು ಆಗಲೇ ಕಂಡದ್ದನ್ನು ಮತ್ತೆ ನಮಗೇ ಹೇಳುತ್ತಾರೆ. ಹಾಫ್‌ಮನ್ ಬಾಲ್ಕನಿಯಿಂದ ಬಗ್ಗಿ, ಹೇಳಬೇಕಾದ ಮಾತನ್ನು ನುಂಗಿಕೊಂಡು ಹವಾಮಾನದ ಮಾತಿಗೆ ತಿರುಗುವ ಹೊತ್ತಿನಲ್ಲಿ ವಿವರಣೆಯ ಅಗತ್ಯ ಯಾರಿಗಿತ್ತೋ ತಿಳಿಯದು. ಮನೆಯಲ್ಲಿ ಮಕ್ಕಳಿರುವವರು ಮೊದಲು ಪುಸ್ತಕವನ್ನು ಗಟ್ಟಿಯಾಗಿ ಓದಿ ಹೇಳಲಿ. ಅದಕ್ಕೆ ಒಂದು ಸಂಜೆ ಸಾಕು. ಚಿತ್ರ ಆಮೇಲೆ ನೋಡಿದರೂ ನಡೆಯುತ್ತದೆ.

ನಮಸ್ಕಾರ.