ಈರೋಸ್: ಬೀದಿಯಿಂದ ಸೀಟಿನವರೆಗೆ

ಎಲ್ಲರಿಗೂ ನಮಸ್ಕಾರ. ನೀವೆಲ್ಲ ಮುಂಬಯಿಯವರು. ಚರ್ಚ್‌ಗೇಟ್ ಸ್ಟೇಷನ್ನಿನಿಂದ ಹೊರಬಿದ್ದರೆ ಎದುರಿಗೇ ನಿಲ್ಲುವ ಈರೋಸ್ ಟಾಕೀಸನ್ನು ನಿಮಗೆ ಪರಿಚಯಿಸಬೇಕಿಲ್ಲ. ನಾನು ಬಂದಿರುವುದು ಒಂದೇ ಮಾತು ಹೇಳಲಿಕ್ಕೆ, ಅದನ್ನು ಎರಡು ಮೂರು ಸಲ ಹೇಳಿದರೆ ಬೇಸರಿಸಬೇಡಿ: ಬೀದಿಯಿಂದ ಸೀಟಿನವರೆಗೆ ನಾವು ನಡೆಯುವ ದಾರಿಯೂ ಚಿತ್ರಮಂದಿರವೇ. ಹೊರಗೋಡೆ ಉಳಿದರೆ ಸಾಲದು.

ಸಮುದ್ರವನ್ನು ತುಂಬಿಸಿ ಮಾಡಿಕೊಂಡ ನೆಲ ಅದು. ಕಟ್ಟಿಸಿದವರು ಶಿಯಾವಕ್ಸ್ ಕಂಬಾಟಾ, ವಾಸ್ತುಶಿಲ್ಪಿ ಸೊರಾಬ್ಜಿ ಭೇದ್ವಾರ್. ಬಾಗಿಲು ತೆರೆದದ್ದು 1938ರಲ್ಲಿ. ರಸ್ತೆಗಳು ಕೂಡುವ ಮೂಲೆ ನಿವೇಶನ; ಭೇದ್ವಾರ್ ಎರಡು ರೆಕ್ಕೆಗಳನ್ನು ರಸ್ತೆಗುಂಟ ಚಾಚಿ, ಅವು ಸೇರುವ ಕಡೆ ಗೋಪುರವನ್ನು ಅಂತಸ್ತು ಅಂತಸ್ತಾಗಿ ಕಿರಿದು ಮಾಡುತ್ತ ಏರಿಸಿದರು. ಒಂದಷ್ಟು ಭಾಗಕ್ಕೆ ಆಗ್ರಾದ ಕೆಂಪು ಮರಳುಗಲ್ಲು, ಉಳಿದದ್ದಕ್ಕೆ ಕೆನೆಬಣ್ಣ. ಅಂಗಡಿ, ಕಚೇರಿಗಳೂ ಅದೇ ಕಟ್ಟಡದಲ್ಲಿ.

ಇಲ್ಲಿ ನನ್ನ ಸೋದರಮಾವನ ವಿಷಯ ಹೇಳಲೇಬೇಕು. ಫೋರ್ಟಿನ ಉಡುಪಿ ಹೋಟೆಲೊಂದರ ಗಲ್ಲಾದಲ್ಲಿ ಕೂರುತ್ತಿದ್ದರು. ಊರಿಂದ ಯಾರೇ ಬರಲಿ, ಈರೋಸಿಗೆ ಕರೆದೊಯ್ಯುವುದು ಅವರಿಗೊಂದು ವ್ರತ. ಇಂಗ್ಲಿಷ್ ಸಿನಿಮಾ, ನಮಗೆ ಒಂದಕ್ಷರ ತಿಳಿಯುತ್ತಿರಲಿಲ್ಲ. ಅವರಿಗೂ ಅಷ್ಟೇ ಅನ್ನಿ. ಆದರೂ ಆಟಕ್ಕೆ ಬಹಳ ಮೊದಲೇ ಹಾಜರು. ಫಾಯರಿನ, ಅಂದರೆ ಬಾಗಿಲ ಒಳಗಿನ ಹಜಾರದ, ಕಪ್ಪು-ಬಿಳಿ ಅಮೃತಶಿಲೆಯ ಮೇಲೆ ನಿಲ್ಲಿಸಿ ಸುತ್ತ ನೋಡಿಸುವರು. ಮೆಟ್ಟಿಲ ಪಕ್ಕದ ಕ್ರೋಮಿಯಂ ಕಂಬಿ ಹಿಡಿಸಿ, "ತಣ್ಣಗೆ ಉಂಟಲ್ಲ?" ಅನ್ನುವರು. ಉಂಟು ಅನ್ನುವ ತನಕ ಮುಂದೆ ಬಿಡುತ್ತಿರಲಿಲ್ಲ. ಒಮ್ಮೆ ಅತ್ತೆ, "ಸಿನಿಮಾ ಶುರುವಾಗ್ತದೆ ಮಾರಾಯ್ರೆ" ಅಂದರೆ, "ಸಿನಿಮಾ ಎಲ್ಲಿಗೆ ಓಡಿಹೋಗ್ತದೆ, ಮೊದಲು ಇದನ್ನು ನೋಡು!" ಅಂದರು. (ನಗು) ಬಿಸಿಲು ಗದ್ದಲದಿಂದ ಬಂದವನನ್ನು ಒಮ್ಮೆಗೇ ಕತ್ತಲೆಗೆ ನೂಕದೆ, ಕಲ್ಲು, ಬೆಳಕು, ಮೆಟ್ಟಿಲುಗಳ ನಡುವೆ ನಿಧಾನವಾಗಿ ಒಳಗೆ ಕರೆದುಕೊಳ್ಳುವ ಆ ವಿದ್ಯೆ ಮಾವನಿಗೆ ಕೈಯಿಂದಲೇ ತಿಳಿದಿತ್ತು.

ಇದೇ ಊರಿನ ರೀಗಲ್ ಟಾಕೀಸಿನ ಬಗ್ಗೆಯೂ ವಿಸ್ತಾರವಾಗಿ ಹೇಳಬೇಕೆಂದಿದ್ದೆ. 1933ರದು, ಚಾರ್ಲ್ಸ್ ಸ್ಟೀವನ್ಸ್ ವಿನ್ಯಾಸ. ಇವರ ತಂದೆ ಫ್ರೆಡರಿಕ್ ಸ್ಟೀವನ್ಸ್ ಕಟ್ಟಿದ್ದು ವಿ.ಟಿ., ಅಂದರೆ ವಿಕ್ಟೋರಿಯಾ ಟರ್ಮಿನಸ್ ಸ್ಟೇಷನ್! ಅಪ್ಪನದು ಚೂಪು ಕಮಾನು, ಕೆತ್ತನೆಗಳ ಗಾಥಿಕ್ ಶೈಲಿ; ಮಗನದು ನೇರ ಗೆರೆ, ನಯವಾದ ತಿರುವುಗಳ ಆರ್ಟ್ ಡೆಕೋ, ಈರೋಸಿನದೂ ಅದೇ. ಒಂದು ತಲೆಮಾರಿನಲ್ಲಿ ಊರಿನ ಮುಖವೇ ಬದಲಾಯಿತು. ರೀಗಲ್ಲಿನ ನೆಲದಡಿಯಲ್ಲಿ ಕಾರು ನಿಲ್ಲಿಸುವ ಜಾಗ ಆಗಲೇ ಇತ್ತು.

ಸಮಯವಾಯಿತೆಂದು ಚೀಟಿ ಬಂದಿದೆ. ಮೆಟ್ರೋ ಥಿಯೇಟರ್ ಬಿಟ್ಟುಬಿಡುತ್ತೇನೆ. 2018ರಲ್ಲಿ ಈರೋಸ್ ಬಳಿಯ ಓವಲ್ ಮೈದಾನದ ಆಸುಪಾಸಿನ ಗಾಥಿಕ್, ಆರ್ಟ್ ಡೆಕೋ ಕಟ್ಟಡಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಕೆಲವು ವರ್ಷ ಮುಚ್ಚಿದ್ದ ಈರೋಸ್ 2024ರಲ್ಲಿ ಐಮ್ಯಾಕ್ಸ್ ಎಂಬ ಭಾರೀ ಪರದೆಯೊಂದಿಗೆ ಮತ್ತೆ ತೆರೆಯಿತು. ಸಾವಿರಕ್ಕೂ ಮಿಕ್ಕಿ ಜನ ಕೂರುತ್ತಿದ್ದಲ್ಲಿ ಈಗ ಸುಮಾರು ಮುನ್ನೂರು ಸೀಟು. ತೆರೆದದ್ದು ನನಗೆ ನಿಜವಾಗಿ ಸಂತೋಷ. ಬೆಂಗಳೂರಿನ ಗಾಂಧಿನಗರದಲ್ಲಿ 1968ರ ಕಪಾಲಿ ಟಾಕೀಸು ನೆಲಸಮವಾಯಿತು, ಇಲ್ಲಿ ಗೋಪುರವಾದರೂ ನಿಂತಿದೆ. ಆದರೆ ಮತ್ತೆ ಅದೇ ಮಾತು, ಹೊರಗೋಡೆ ಉಳಿದರೆ ಸಾಲದು. ಹಳೆಯ ಥಿಯೇಟರುಗಳನ್ನು ಕಾಪಾಡುವ ನಿಯಮಗಳಲ್ಲಿ ಫಾಯರು, ಮೆಟ್ಟಿಲು, ಕಂಬಿಯ ಹೆಸರೂ ಬರಬೇಕು. ನಿಮ್ಮ ಮನೆಗಳಲ್ಲಿ ಈ ಟಾಕೀಸುಗಳ ಒಳಗಡೆ ತೆಗೆದ ಹಳೆಯ ಫೋಟೋಗಳಿದ್ದರೆ, ಹಿಂದೆ ವರ್ಷ ಬರೆದು ದಯವಿಟ್ಟು ನನಗೆ ತೋರಿಸಿ. ನಾನು ಬಾಗಿಲ ಬಳಿಯೇ ಇರುತ್ತೇನೆ.