ಎರಡು ಮಳೆ ನಡುವಿನ ಅಂತರ

ಕೇಳುಗರೆಲ್ಲರಿಗೂ ನಮಸ್ಕಾರ. ಸಣ್ಣ ಹಿಡುವಳಿ ರೈತರು ಮಳೆ ಬಗ್ಗೆ ಏನು ಹೇಳ್ತಾರೆ, ಅದನ್ನ ನಾವು ಹೇಗೆ ಕೇಳಿಸ್ಕೋಬೇಕು ಅನ್ನೋದೇ ಇವತ್ತಿನ ಮಾತು. ಆಫ್ರಿಕಾದಲ್ಲಿ ಕೇಳಿ, ಏಷ್ಯಾದಲ್ಲಿ ಕೇಳಿ, ಮಳೆ ನಂಬಿ ಬಿತ್ತೋರು ಬಹಳ ಕಡೆ ಒಂದೇ ಮಾತು ಹೇಳ್ತಾರೆ, "ಮೊದಲಿನ ಹಾಗೆ ಮಳೆ ಇಲ್ಲ, ಕಮ್ಮಿ ಆಗೋಗಿದೆ" ಅಂತ. ಆಮೇಲೆ ಹವಾಮಾನ ಕೇಂದ್ರದ ಲೆಕ್ಕ ತೆಗೆದು ನೋಡಿದ್ರೆ ಎಷ್ಟೋ ಕಡೆ ವರ್ಷದ ಒಟ್ಟು ಮಳೆ ಹೆಚ್ಚುಕಮ್ಮಿ ಅಷ್ಟೇ ಇರುತ್ತೆ. ಆಗ ಕೆಲವು ತಜ್ಞರು ರೈತರಿಗೆ ಹಳೇ ಕಾಲವೆಲ್ಲಾ ಚೆನ್ನಾಗಿತ್ತು ಅನ್ನೋ ಭ್ರಮೆ ಅಂತ ಬರೆದು ಫೈಲ್ ಮುಚ್ಚಿಬಿಡ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ರೈತ ಲೆಕ್ಕ ಇಡೋದು ಎರಡು ಮಳೆ ನಡುವಿನ ಅಂತರವನ್ನ, ನೀವು ತೋರಿಸ್ತಿರೋದು ಮೊತ್ತ.

ಹಂಗಾಮಿನಲ್ಲಿ 600 ಮಿಲಿಮೀಟರ್ ಮಳೆ 50 ದಿನ ಹಂಚಿಕೊಂಡು ಬಿದ್ರೂ 600, 20 ದಿನದಲ್ಲಿ ಸುರಿದು ಹೋದ್ರೂ 600. ಕಾಗದದ ಮೇಲೆ ಎರಡೂ ಒಂದೇ. ಆದ್ರೆ ಹೊಲದಲ್ಲಿ ಮೊದಲನೇದು ಬೆಳೆ, ಎರಡನೇದರಲ್ಲಿ ಮಣ್ಣು ಕೊಚ್ಚಿ ಹೋಗಿ, ನೀರು ಹಳ್ಳ ಸೇರಿ, ಆಮೇಲೆ ಮೂರು ವಾರ ಬಿಸಿಲು ಕಾದು, ಮೆಕ್ಕೆಜೋಳ ಹೂವಾಗಿ ಕಾಳು ಕಟ್ಟೋ ಹೊತ್ತಿಗೆ ಸರಿಯಾಗಿ ತೇವ ಇಲ್ಲದೆ ತೆನೆ ಜೊಳ್ಳು. ಆ ರೈತ ಮಳೆ ಕಮ್ಮಿ ಅಂದ್ರೆ ತಪ್ಪೇನು?

ಇದಕ್ಕೆ ಕಾರಣ ಕಷ್ಟದ್ದೇನಲ್ಲ. ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದ್ರೆ ಸುಮಾರು 7 ಪರ್ಸೆಂಟ್ ಜಾಸ್ತಿ ನೀರಾವಿ ಹಿಡ್ಕೊಳ್ಳುತ್ತೆ, ಹಾಗಾಗಿ ಬಿದ್ರೆ ಜೋರಾಗೇ ಬೀಳುತ್ತೆ. ಅದೇ ಬಿಸಿ ಗಾಳಿ ಮಳೆ ನಿಂತ ಮೇಲೆ ನೆಲದ ತೇವಾನೂ ಬೇಗ ಎಳ್ಕೊಳ್ಳುತ್ತೆ. ಆಫ್ರಿಕಾದ ಸಾಹೇಲ್ ಪ್ರದೇಶ ನೋಡಿ, 1970 ಮತ್ತು 80ರ ದಶಕದ ಭೀಕರ ಬರ ಆದ ಮೇಲೆ ಒಟ್ಟು ಮಳೆ ಸ್ವಲ್ಪ ಚೇತರಿಸಿಕೊಂಡಿದೆ, ಆದ್ರೆ ಅದರಲ್ಲಿ ದೊಡ್ಡ ದೊಡ್ಡ ಬಿರುಮಳೆಗಳ ಪಾಲೇ ಹೆಚ್ಚಾಗ್ತಿದೆ. ಮೊತ್ತ ಮಾತ್ರ ನೋಡಿದೋರಿಗೆ ಅಲ್ಲಿ ಎಲ್ಲ ಸರಿಹೋಯ್ತು ಅನ್ಸುತ್ತೆ.

ಈಗ ನನಗೆ ತುಂಬಾ ಇಷ್ಟವಾದ ಒಂದು ಕಥೆ ಹೇಳ್ತೀನಿ, ನಿಜವಾಗಿ ನಡೆದಿದ್ದು. ಕೊರಿಯಾದಲ್ಲಿ ಸೇಜೊಂಗ್ ಅನ್ನೋ ರಾಜ ಇದ್ದ. ಅವನ ಕಾಲದಲ್ಲಿ ಮಳೆ ಬಂದ ಮೇಲೆ ಅಧಿಕಾರಿಗಳು ನೆಲ ಅಗೆದು, ತೇವ ಎಷ್ಟು ಆಳಕ್ಕೆ ಇಳಿದಿದೆ ಅಂತ ನೋಡಿ ಮೇಲಕ್ಕೆ ವರದಿ ಕಳಿಸ್ತಿದ್ರು. 1441ರಲ್ಲಿ ಬರದ ಚಿಂತೆ ಹತ್ತಿಸಿಕೊಂಡಿದ್ದ ಯುವರಾಜ ತಾನೇ ಮಳೆ ಬಂದಾಗಲೆಲ್ಲಾ ನೆಲ ಅಗೆದು ನೋಡ್ತಿದ್ದನಂತೆ. ಆದ್ರೆ ಲೆಕ್ಕ ಕೂಡ್ತಿರಲಿಲ್ಲ, ಯಾಕಂದ್ರೆ ಒಣಗಿದ ನೆಲದಲ್ಲಿ ಒಂಥರಾ ಇಳಿಯುತ್ತೆ, ಮೊದಲೇ ನೆನೆದ ನೆಲದಲ್ಲಿ ಇನ್ನೊಂಥರಾ. ಅದಕ್ಕೆ ತಾಮ್ರದ ಪಾತ್ರೆ ಮಾಡಿಸಿ ಅರಮನೆ ಅಂಗಳದಲ್ಲಿಟ್ಟು, ಅದರಲ್ಲಿ ನಿಂತ ನೀರು ಅಳೆದ. ಮರುವರ್ಷವೇ ಅಳತೆ ಗೊತ್ತುಮಾಡಿ ದೇಶದ ಎಲ್ಲಾ ಪ್ರಾಂತ್ಯಗಳಿಗೂ ಅಂಥ ಮಾಪಕ ಇಡೋಕೆ ಆಜ್ಞೆ ಆಯ್ತು. ಯುರೋಪಿನಲ್ಲಿ ಈ ಥರ ಮಳೆ ಅಳೆಯೋದು ಶುರುವಾಗಿದ್ದು ಸುಮಾರು ಇನ್ನೂರು ವರ್ಷ ಆದ ಮೇಲೆ! ನನಗೆ ಎಲ್ಲಕ್ಕಿಂತ ಖುಷಿ ಕೊಡೋದು ಏನಂದ್ರೆ, ನೀರಿನ ಆಳದ ಜೊತೆಗೆ ಮಳೆ ಯಾವಾಗ ಶುರುವಾಯ್ತು, ಯಾವಾಗ ನಿಂತಿತು ಅನ್ನೋದನ್ನೂ ಅವರು ಬರೀಬೇಕಿತ್ತು. ಆರುನೂರು ವರ್ಷದ ಹಿಂದೆ ಅವರಿಗೆ ಸಮಯ ಮುಖ್ಯ ಅಂತ ಗೊತ್ತಿತ್ತು, ಇವತ್ತು ಎಲ್ಲಾ ಯಂತ್ರ ಇಟ್ಕೊಂಡು ನಾವು ವಾರ್ಷಿಕ ಸರಾಸರಿ ಅಂತ ಒಂದೇ ಅಂಕಿ ಓದ್ತೀವಿ. ಪಾತ್ರೆಗೆ ಬಿದ್ದ ಮಳೆ ಗೊತ್ತು, ಬೆಳೆಗೆ ಸಿಕ್ಕಿದ್ದು ಗೊತ್ತಿರೋದು ನೆಲ ಅಗೆದು ಹದ ನೋಡೋನಿಗೆ. ಎರಡೂ ಬೇಕು.

ಟೈಮ್ ಆಗ್ತಾ ಬಂತು, ಉಳಿದಿದ್ದನ್ನ ಬೇಗ ಹೇಳ್ತೀನಿ. ಅಪಾಯದ ವಿಷಯ. ಸಣ್ಣ ರೈತ ದುಬಾರಿ ಬೀಜ ಗೊಬ್ಬರಕ್ಕೆ ಕೈ ಹಾಕಲ್ಲ ಅಂದ್ರೆ ಅದನ್ನ ಹಿಂದುಳಿದಿರೋದು ಅಂತ ಕರೀಬೇಡಿ, ಒಂದು ಬೆಳೆ ಹೋದ್ರೆ ಸಾಲ ತೀರಿಸೋಕೆ ದನ ಮಾರ್ಬೇಕು, ಅದು ಅವನಿಗೆ ಗೊತ್ತು. ಮಳೆ ಆಧಾರಿತ ವಿಮೆಯಲ್ಲೂ ಇದೇ ತೊಂದರೆ, ಪರಿಹಾರ ದೂರದ ಮಾಪಕದ ಮೊತ್ತ ನೋಡಿ ಲೆಕ್ಕ ಹಾಕಿದ್ರೆ ಇವನ ಹೊಲದ ಅಂತರ ಅಲ್ಲಿ ಕಾಣಲ್ಲ. ರೈತ ಬಂಧುಗಳಿಗೂ ಒಂದು ಮಾತು, ಕೆಟ್ಟ ವರ್ಷ ಮನಸಲ್ಲಿ ಗಟ್ಟಿಯಾಗಿ ಉಳಿಯುತ್ತೆ, ಸಾಧಾರಣ ವರ್ಷ ಮರೆತು ಹೋಗುತ್ತೆ, ಇದು ಎಲ್ಲ ಮನುಷ್ಯರಿಗೂ ಆಗೋದೇ. ಅದಕ್ಕೆ ಬರೆದಿಡಿ.

ಬುಡದಿಂದ ಬಾಯಿವರೆಗೂ ಒಂದೇ ಅಗಲ ಇರೋ ಡಬ್ಬ ಸಾಕು, ಮರ ಗೋಡೆಯಿಂದ ದೂರ ಬಯಲಲ್ಲಿ ಇಡಿ, ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ಸ್ಕೇಲ್ ಇಟ್ಟು ಅಳೆದು ನೀರು ಚೆಲ್ಲಿ. ಪಕ್ಕದಲ್ಲೇ ಒಂದು ಗುದ್ದಲಿ ಮಣ್ಣು ತೆಗೆದು ತೇವ ಎಲ್ಲಿವರೆಗೆ ಇಳಿದಿದೆ ನೋಡಿ. ಮಳೆ ಇಲ್ಲದ ದಿನ ಸೊನ್ನೆ ಅಂತ ಬರೀರಿ, ಬಿಡಬೇಡಿ, ಅಂತರ ಸಿಗೋದು ಆ ಸೊನ್ನೆಗಳಲ್ಲೇ. ಬೆಳೆ ಆವತ್ತು ಯಾವ ಹಂತದಲ್ಲಿತ್ತು, ಮೊಳಕೆನಾ ಹೂವಾ ಕಾಳಾ, ಅದನ್ನೂ ಪಕ್ಕದಲ್ಲಿ ಬರೀರಿ. ಮುಂದಿನ ಸಲ ಯಾರಾದ್ರೂ ಅಧಿಕಾರಿ ಬಂದು ಮಳೆ ಸರಿಯಾಗೇ ಆಗಿದೆಯಲ್ಲಾ ಅಂದ್ರೆ ಆ ಪುಸ್ತಕ ತೆಗೆದು ಮುಂದಿಡಿ. ನಮಸ್ಕಾರ.