ಕೀ ತಿರುಗುತ್ತಿಲ್ಲ ಅಂದರೆ ಲಾಕ್ ಸೆಟ್ಟೇ ಹೋಗಿದೆ ಅಂತಲ್ಲ

ನಮಸ್ಕಾರ, ಇವತ್ತಿನ ವಿಡಿಯೋ ಪೂರ್ತಿ ಡ್ರೈವರ್ ಸೀಟಿನಲ್ಲೇ. ಸೆಕೆಂಡ್ ಹ್ಯಾಂಡ್ ಕಾರು. ಎಂಜಿನ್ ಚೆನ್ನಾಗಿದೆ, ಎಸಿ ಕೂಡ ಪರವಾಗಿಲ್ಲ, ಆದರೆ ಬೆಳಗ್ಗೆ ಕೀ ಹಾಕಿದರೆ ತಿರುಗುವುದೇ ಇಲ್ಲ. ಗ್ಯಾರೇಜಿನವರು ಬಾನೆಟ್ ಕೂಡ ಮುಟ್ಟದೆ "ಫುಲ್ ಲಾಕ್ ಸೆಟ್ ಹಾಕ್ಬೇಕು ಸಾರ್" ಅಂದುಬಿಟ್ಟರು. ಅಂದರೆ ಬಾಗಿಲು, ಡಿಕ್ಕಿ ಎಲ್ಲದರ ಲಾಕೂ ಸೇರಿಸಿ. ಬಾಗಿಲು ಏನು ಮಾಡಿತ್ತು ಪಾಪ?

ಮೊದಲು ಸ್ಟೀರಿಂಗ್ ನೋಡಿ. ಕೀ ತೆಗೆದ ಮೇಲೆ ಸ್ಟೀರಿಂಗ್ ತಿರುಗಿದರೆ ಒಳಗೊಂದು ಪಿನ್ ಬಂದು ಕೂರುತ್ತದೆ. ಟೈರು ಫುಟ್‌ಪಾತಿಗೆ ಒತ್ತಿಕೊಂಡು ನಿಂತಿದ್ದರೆ ಆ ಪಿನ್ ಬಿಗಿಯಾಗಿ ಕೀ ಅಲ್ಲಾಡಲ್ಲ. ಸ್ಟೀರಿಂಗನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ಆಡಿಸುತ್ತಾ ಕೀ ತಿರುಗಿಸಬೇಕು. ಜೋರು ಮಾಡಿ ಕೀ ಮುರಿದು ಒಳಗೇ ಉಳಿದರೆ ಮುಗೀತು ಕಥೆ.

ನನ್ನದು ಅದಲ್ಲ. ಹಾಗಾಗಿ ಕೀ ಮೇಲೆ ಅನುಮಾನ ಬಂತು. ಲಾಕಿನ ಬ್ಯಾರಲ್, ಅಂದರೆ ಕೀ ಹೋಗಿ ಕೂರುವ ಸಿಲಿಂಡರ್, ಅದರೊಳಗೆ ವೇಫರ್ ಅಂತ ಸಣ್ಣ ಲೋಹದ ಪಟ್ಟಿಗಳಿರುತ್ತವೆ. ಕೀಯ ಹಲ್ಲು ಪ್ರತಿಯೊಂದನ್ನೂ ಸರಿಯಾದ ಎತ್ತರಕ್ಕೆ ತಂದರೆ ಮಾತ್ರ ಬ್ಯಾರಲ್ ತಿರುಗುತ್ತದೆ, ಹಲ್ಲು ಸವೆದಿದ್ದರೆ ಒಂದೋ ಎರಡೋ ಪಟ್ಟಿ ಅಡ್ಡ ನಿಂತುಬಿಡುತ್ತವೆ. ಸವೆದ ಕೀ ಕೊಟ್ಟು ಡೂಪ್ಲಿಕೇಟ್ ಮಾಡಿಸಿದರೆ ಸವಕಳಿಯೂ ಜೊತೆಗೇ ಕಾಪಿ ಆಗುತ್ತದೆ, ಅಲ್ವಾ? ಹಳೆ ಓನರ್‌ಗೆ ಫೋನ್ ಮಾಡಿದೆ. ಬಳಸದ ಎರಡನೇ ಕೀ ಅವರ ಬೀರುವಿನಲ್ಲೇ ಇತ್ತು, ಜೊತೆಗೆ ಕೀ ನಂಬರ್ ಇದ್ದ ಪುಟ್ಟ ಟ್ಯಾಗೂ. ಹಾಕಿದೆ, ತಿರುಗಿತು. ಸ್ವಲ್ಪ ಬಿಗಿ ಅನ್ನಿಸಿದ್ದಕ್ಕೆ ಗ್ರ್ಯಾಫೈಟ್ ಪುಡಿ ಊದಿದೆ. ಕೊಬ್ಬರಿ ಎಣ್ಣೆ ಬಿಡಬೇಡಿ, ದಯವಿಟ್ಟು. ಧೂಳು ಅಂಟಿಕೊಂಡು ಒಳಗೆಲ್ಲ ಕೆಸರಾಗುತ್ತದೆ.

ನಿಮ್ಮ ಕೀ ಸಲೀಸಾಗಿ ತಿರುಗಿಯೂ ಡ್ಯಾಶ್‌ಬೋರ್ಡಿನ ಲೈಟ್ ಬರದಿದ್ದರೆ, ಅಥವಾ ಕೀ ಅಲ್ಲಾಡಿಸಿದಾಗ ಲೈಟ್ ಮಿಣುಕಿದರೆ, ಬ್ಯಾರಲ್ ಹಿಂದಿನ ಇಗ್ನಿಷನ್ ಸ್ವಿಚ್, ಅಂದರೆ ಕೀ ತಿರುಗಿದಾಗ ಕರೆಂಟ್ ಕೊಡುವ ಸ್ವಿಚ್, ನೋಡಿಸಿ. ಎಷ್ಟೋ ಕಾರುಗಳಿಗೆ ಅದು ಬೇರೆಯಾಗಿಯೇ ಸಿಗುತ್ತದೆ, ಬೆಂಗಳೂರಿನವರು ಜೆ.ಸಿ. ರೋಡಿನಲ್ಲಿ ವಿಚಾರಿಸಬಹುದು. ಎಂಜಿನ್ ಸ್ಟಾರ್ಟ್ ಆಗಿ ತಕ್ಷಣ ಆಫ್ ಆಗಿ, ಕೀ ಚಿತ್ರದ ಲೈಟ್ ಮಿನುಗುತ್ತಿದ್ದರೆ ಅದು ಕೀಯೊಳಗಿನ ಚಿಪ್‌ನ ಗಲಾಟೆ, ಅಂದರೆ ಇಮ್ಮೊಬಿಲೈಸರ್, ಸರಿಯಾದ ಚಿಪ್ ಸಿಗದಿದ್ದರೆ ಎಂಜಿನ್ ಓಡಲು ಬಿಡದ ಕಳ್ಳತನ ತಡೆ ವ್ಯವಸ್ಥೆ. ಸ್ಟೀರಿಂಗ್ ಕಾಲಂ ಬಿಚ್ಚುವ ಕೆಲಸ ಮಾತ್ರ ಮನೇಲಿ ಬೇಡ, ಅಲ್ಲಿ ಏರ್‌ಬ್ಯಾಗ್ ಇರುತ್ತದೆ.

ಇನ್ನು ಈ ಕೀ ಗೊಂಚಲು. ಮನೆ ಕೀ, ಬೀರು ಕೀ, ಗಣೇಶನ ಪದಕ, ಎಲ್ಲ ಒಂದೇ ರಿಂಗಿನಲ್ಲಿ ನೇತಾಡುತ್ತಿದ್ದರೆ ಲಾಕ್ ಬೇಗ ಸವೆಯುತ್ತದೆ. ಸವೆತವಷ್ಟೇ ಅಲ್ಲ, ಅಪಾಯವೂ ಇದೆ, ಸುಮ್ನೆ ಹೇಳುತ್ತಿಲ್ಲ. 2014ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಇಗ್ನಿಷನ್ ಸ್ವಿಚ್ ದೋಷಕ್ಕೆ ಸುಮಾರು 26 ಲಕ್ಷ ಕಾರು ವಾಪಸ್ ಕರೆಸಿತು. ಆ ಸ್ವಿಚ್‌ಗೆ ಹಿಡಿತ ಕಡಿಮೆ ಇತ್ತು. ಭಾರದ ಗೊಂಚಲಿಗೋ ರಸ್ತೆಯ ಕುಲುಕಿಗೋ ಕೀ ಆನ್‌ನಿಂದ ಜಾರಿ, ಓಡುತ್ತಿದ್ದಾಗಲೇ ಎಂಜಿನ್ ಆಫ್, ಅಪಘಾತವಾದರೆ ಏರ್‌ಬ್ಯಾಗೂ ತೆರೆಯಲ್ಲ. ಕಂಪನಿಯ ಪರಿಹಾರ ನಿಧಿ ಒಪ್ಪಿಕೊಂಡ ಸಾವುಗಳೇ 124. ರಿಪೇರಿ ಆಗುವವರೆಗೆ ಬರೀ ಕಾರಿನ ಕೀ ಒಂದನ್ನೇ ಹಾಕಿ ಓಡಿಸಿ ಅಂತ ಕಂಪನಿಯೇ ಹೇಳಿತ್ತು.

ನಾನೂ ಈಗ ಗಣೇಶನನ್ನು ಡ್ಯಾಶ್‌ಬೋರ್ಡ್ ಮೇಲೆ ಕೂರಿಸಿದ್ದೇನೆ. ಟ್ಯಾಗಿನ ನಂಬರ್ ಕೊಟ್ಟು ಹೊಸ ಕೀ ಕಟ್ ಮಾಡಿಸಬೇಕು, ಚಿಪ್ ಪ್ರೋಗ್ರಾಂಗೆ ಎಷ್ಟು ಕೇಳುತ್ತಾರೋ ಗೊತ್ತಿಲ್ಲ. ನಿಮ್ಮೂರಲ್ಲಿ ಎಷ್ಟು ತಗೊಂಡರು?